ನೇಪಾಳದ ಶಾಂತಿ ಪ್ರಕ್ರಿಯೆ: ಹೊರಗಿನ ನೆರವು ತಲುಪಿದ್ದೆಲ್ಲಿ, ನಿಂತದ್ದೆಲ್ಲಿ?

ಅಂತರ್ಯುದ್ಧದಿಂದ ಒಡೆದುಹೋದ ದೇಶವೊಂದರಲ್ಲಿ ರಾಜಕೀಯ ಸಂಧಾನಕ್ಕೆ ಹೊರಗಿನವರು ಎಷ್ಟರಮಟ್ಟಿಗೆ ನೆರವಾಗಬಲ್ಲರು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಬಹುದೂರ ಹೋಗಬೇಕಿಲ್ಲ. ನೆರೆಯ ನೇಪಾಳದ ಅನುಭವವೇ ಸಾಕು. ಹತ್ತು ವರ್ಷಗಳ ಸಶಸ್ತ್ರ ಸಂಘರ್ಷ ಅಲ್ಲಿ 2006ರಲ್ಲಿ ಕೊನೆಗೊಂಡಿತು. ಬಂಡುಕೋರರು ಚುನಾವಣೆಗೆ ನಿಂತು ಗೆದ್ದರು. ಶತಮಾನಗಳ ಅರಸೊತ್ತಿಗೆ ಶಾಸನಸಭೆಯ ನಿರ್ಣಯದ ಮೂಲಕವೇ ಅಳಿಯಿತು. ಆದರೆ ಆ ಅವಧಿಯಲ್ಲಿ ಕಣ್ಮರೆಯಾದವರ ಪೈಕಿ ಬಹುಪಾಲು ಮಂದಿಯ ಕುಟುಂಬಗಳಿಗೆ ತಮ್ಮವರು ಏನಾದರು ಎಂಬುದು ಇಂದಿಗೂ ತಿಳಿದಿಲ್ಲ. ಈ ಯಶಸ್ಸು ಮತ್ತು ಈ ವೈಫಲ್ಯ, ಎರಡನ್ನೂ ಒಟ್ಟಿಗೆ ನೋಡಿದಾಗಲೇ ಅಂತಾರಾಷ್ಟ್ರೀಯ ನೆರವಿನ ಶಕ್ತಿ ಮತ್ತು ಮಿತಿ ಅರ್ಥವಾಗುತ್ತದೆ.

ಹಿನ್ನೆಲೆ

ನೇಪಾಳ ಕಮ್ಯುನಿಸ್ಟ್ ಪಕ್ಷ (ಮಾವೋವಾದಿ) 1996ರ ಫೆಬ್ರವರಿ 13ರಂದು 'ಜನಯುದ್ಧ' ಸಾರಿತು. ಮುಂದಿನ ದಶಕದಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ದೊರೆ ಜ್ಞಾನೇಂದ್ರ 2005ರ ಫೆಬ್ರವರಿ 1ರಂದು ಸರಕಾರವನ್ನು ವಜಾ ಮಾಡಿ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡದ್ದು ಸಂಘರ್ಷದ ದಿಕ್ಕನ್ನೇ ಬದಲಿಸಿತು. ಅದುವರೆಗೆ ಪರಸ್ಪರ ವೈರಿಗಳಾಗಿದ್ದ ಏಳು ಸಂಸದೀಯ ಪಕ್ಷಗಳು ಮತ್ತು ಮಾವೋವಾದಿಗಳು ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ 12 ಅಂಶಗಳ ತಿಳಿವಳಿಕೆಗೆ ಬಂದರು. 2006ರ ಏಪ್ರಿಲ್‌ನ 19 ದಿನಗಳ ಜನಾಂದೋಲನದ ಮುಂದೆ ದೊರೆ ಮಣಿಯಬೇಕಾಯಿತು. ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಒಪ್ಪಂದವನ್ನು ಹೊರಗಿನವರು ಬರೆದುಕೊಡಲಿಲ್ಲ. ಮಾತುಕತೆ ನಡೆಸಿದವರೂ ಸಹಿ ಹಾಕಿದವರೂ ನೇಪಾಳಿಗಳೇ. ಹಾಗಾದರೆ ವಿಶ್ವಸಂಸ್ಥೆಯ ಅಗತ್ಯ ಎಲ್ಲಿ ಬಂತು?

ಬೀಗ ಅವರದು, ಕಾವಲು ಇವರದು

ಒಂದು ದೇಶದಲ್ಲಿ ಎರಡು ಸೇನೆಗಳಿದ್ದವು. ಬಂದೂಕು ಕೆಳಗಿಡದೆ ಚುನಾವಣೆ ಸಾಧ್ಯವಿಲ್ಲ ಎಂದು ಪಕ್ಷಗಳು ಪಟ್ಟು ಹಿಡಿದಿದ್ದವು. ಮೊದಲು ಶಸ್ತ್ರ ಒಪ್ಪಿಸಿದರೆ ಉಳಿಗಾಲವಿಲ್ಲ ಎಂಬ ಭಯ ಮಾವೋವಾದಿಗಳದು. ಈ ಅಪನಂಬಿಕೆಯನ್ನು ನೀಗಲು 2006ರ ಆಗಸ್ಟ್ 9ರಂದು ಎರಡೂ ಕಡೆಯವರು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಒಂದೇ ಒಕ್ಕಣೆಯ ಪತ್ರಗಳನ್ನು ಬರೆದು ನೆರವು ಕೋರಿದರು.

ಅದರಂತೆ 2007ರ ಜನವರಿ 23ರಂದು ಭದ್ರತಾ ಮಂಡಳಿಯು 1740ನೇ ನಿರ್ಣಯದ ಮೂಲಕ ನೇಪಾಳಕ್ಕೆ ವಿಶೇಷ ರಾಜಕೀಯ ನಿಯೋಗವನ್ನು ಕಳುಹಿಸಿತು. ಬ್ರಿಟನ್ನಿನ ಇಯಾನ್ ಮಾರ್ಟಿನ್ ಅದರ ಮುಖ್ಯಸ್ಥರಾದರು. ಇದು ಶಾಂತಿಪಾಲನಾ ಪಡೆಯಾಗಿರಲಿಲ್ಲ. ಗರಿಷ್ಠ 186 ಮಂದಿ ಶಸ್ತ್ರಾಸ್ತ್ರ ವೀಕ್ಷಕರು ನಿರಾಯುಧರಾಗಿ, ಸಮವಸ್ತ್ರವಿಲ್ಲದೆ ಕೆಲಸ ಮಾಡಿದರು. ವಿಶ್ವಸಂಸ್ಥೆಯ ಪಾತ್ರ ಸೀಮಿತವಾಗಿಯೇ ಇರಬೇಕೆಂಬುದು ಭಾರತದ ನಿಲುವೂ ಆಗಿತ್ತು.

ವ್ಯವಸ್ಥೆ ಸರಳವಾಗಿತ್ತು. ಮಾವೋವಾದಿ ಯೋಧರು ಏಳು ಮುಖ್ಯ ಹಾಗೂ 21 ಉಪಶಿಬಿರಗಳಲ್ಲಿ ನೆಲೆಸಿದರು. ಅವರ ಶಸ್ತ್ರಾಸ್ತ್ರಗಳನ್ನು ಕಂಟೇನರ್‌ಗಳಲ್ಲಿಟ್ಟು ಬೀಗ ಹಾಕಲಾಯಿತು. ಬೀಗದ ಕೈ ಮಾವೋವಾದಿಗಳ ಬಳಿಯೇ ಉಳಿಯಿತು. ಆದರೆ ಅನುಮತಿಯಿಲ್ಲದೆ ಬಾಗಿಲು ತೆರೆದರೆ ಮೊಳಗುವ ಸೈರನ್ ಮತ್ತು ಅದನ್ನು ದಾಖಲಿಸುವ ಸಾಧನವನ್ನು ವಿಶ್ವಸಂಸ್ಥೆ ಅಳವಡಿಸಿತು. ನೇಪಾಳ ಸೇನೆಯೂ ಅಷ್ಟೇ ಸಂಖ್ಯೆಯ ಶಸ್ತ್ರಗಳನ್ನು ಇದೇ ರೀತಿ ಬೀಗದಲ್ಲಿಟ್ಟಿತು. ಯಾರೂ ಶರಣಾಗಲಿಲ್ಲ, ಯಾರೂ ಸೋಲೊಪ್ಪಿಕೊಳ್ಳಲಿಲ್ಲ. ಉಭಯ ಪಕ್ಷಗಳ ಮಾನ ಉಳಿಸಿದ ಈ ಏರ್ಪಾಡೇ 2008ರ ಏಪ್ರಿಲ್ 10ರ ಸಂವಿಧಾನ ಸಭೆಯ ಚುನಾವಣೆಗೆ ದಾರಿ ಮಾಡಿತು. ಮಾವೋವಾದಿಗಳು ಅತಿ ದೊಡ್ಡ ಪಕ್ಷವಾಗಿ ಹೊಮ್ಮಿದರು. ಮೇ 28ರಂದು ನೇಪಾಳ ಗಣರಾಜ್ಯವಾಯಿತು.

ಲೋಪಗಳು

ನಿಯೋಗದ ಕೆಲಸ ಟೀಕೆಗೆ ಹೊರತಾಗಿರಲಿಲ್ಲ. ಪರಿಶೀಲನೆಯ ನಂತರ 19,602 ಮಂದಿಯನ್ನು ಯೋಧರೆಂದು ಮಾನ್ಯ ಮಾಡಲಾಯಿತು. ಅಪ್ರಾಪ್ತ ವಯಸ್ಕರು ಹಾಗೂ ತಡವಾಗಿ ಸೇರಿದವರು ಸೇರಿ 4,008 ಮಂದಿ ಅನರ್ಹರಾದರು. ಸಂಘರ್ಷಕ್ಕೆ ಬಾಲ್ಯವನ್ನೇ ತೆತ್ತ ಈ ಹುಡುಗ ಹುಡುಗಿಯರು ಶಿಬಿರದಿಂದ ಬಿಡುಗಡೆಯಾಗಲು 2010ರವರೆಗೆ ಕಾಯಬೇಕಾಯಿತು. ಯೋಧರ ನೈಜ ಸಂಖ್ಯೆ ಏಳೆಂಟು ಸಾವಿರ ಮಾತ್ರ ಎಂದು ಪ್ರಚಂಡ ಹೇಳಿದ್ದ ವಿಡಿಯೊ 2009ರ ಮೇ ತಿಂಗಳಲ್ಲಿ ಬಹಿರಂಗವಾದಾಗ ವಿಶ್ವಸಂಸ್ಥೆಯ ಪರಿಶೀಲನೆಯ ಬಗ್ಗೆಯೇ ಪ್ರಶ್ನೆಗಳೆದ್ದವು.

2011ರ ಜನವರಿ 15ರಂದು ನಿಯೋಗ ನಿರ್ಗಮಿಸಿತು. ಆಗ ಯೋಧರಿನ್ನೂ ಶಿಬಿರಗಳಲ್ಲೇ ಇದ್ದರು. ಶಾಂತಿ ಕುಸಿದೀತು ಎಂಬ ಆತಂಕ ವ್ಯಕ್ತವಾಗಿತ್ತು. ಆದರೆ ಪಕ್ಷಗಳು ಅದೇ ವರ್ಷ ನವೆಂಬರ್ 1ರಂದು ಏಳು ಅಂಶಗಳ ಒಪ್ಪಂದಕ್ಕೆ ಬಂದವು. ಗರಿಷ್ಠ 6,500 ಮಂದಿಯನ್ನು ಸೇನೆಗೆ ಸೇರಿಸಿಕೊಳ್ಳಲು ಅವಕಾಶವಿತ್ತಾದರೂ ಕೊನೆಗೆ ಸೇರಿದವರು ಸುಮಾರು 1,400 ಮಂದಿ ಮಾತ್ರ. ಬಹುತೇಕರು ಪರಿಹಾರಧನ ಪಡೆದು ಮನೆಗೆ ಮರಳಿದರು. ಹೊರಗಿನವರು ಹೋದ ಮೇಲೂ ಕೆಲಸ ಮುಗಿದದ್ದು ಒಪ್ಪಂದ ನೇಪಾಳಿಗಳದೇ ಆಗಿತ್ತೆಂಬುದಕ್ಕೆ ಸಾಕ್ಷಿ.

ತಲುಪದ ಜಾಗ

ಶಸ್ತ್ರಾಸ್ತ್ರಗಳ ವಿಷಯದಲ್ಲಿ ವಿಶ್ವಸಂಸ್ಥೆಯನ್ನು ಒಟ್ಟಾಗಿ ಕರೆದ ಇದೇ ಪಕ್ಷಗಳು ನ್ಯಾಯದ ವಿಷಯದಲ್ಲಿ ಹಾಗೆ ಮಾಡಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2005ರಿಂದ ಕಠ್ಮಂಡುವಿನಲ್ಲಿತ್ತು. 2003ರಲ್ಲಿ ರಾಜಧಾನಿಯ ಮಹಾರಾಜಗಂಜ್ ಸೇನಾ ಬ್ಯಾರಕ್‌ನಲ್ಲಿ ಬಂಧನದಲ್ಲಿದ್ದ 49 ಮಂದಿ ಕಣ್ಮರೆಯಾದ ಬಗ್ಗೆ ಅದು 2006ರ ಮೇ ತಿಂಗಳಲ್ಲಿ ವರದಿ ಪ್ರಕಟಿಸಿತು. ಸರಕಾರ ಅವಧಿ ವಿಸ್ತರಿಸದ ಕಾರಣ 2011ರ ಅಂತ್ಯಕ್ಕೆ ಆ ಕಚೇರಿ ಮುಚ್ಚಿತು.

ಶಾಂತಿ ಒಪ್ಪಂದದಲ್ಲೇ ಭರವಸೆ ನೀಡಲಾಗಿದ್ದ ಸತ್ಯಶೋಧನಾ ಆಯೋಗ ರಚನೆಯಾದದ್ದು 2015ರಲ್ಲಿ. ಕಣ್ಮರೆಯಾದವರ ಕುರಿತ ಆಯೋಗವೂ ಜತೆಗೇ ಬಂತು. ಗಂಭೀರ ಅಪರಾಧಗಳಿಗೂ ಕ್ಷಮಾದಾನ ನೀಡಲು ಕಾನೂನಿನಲ್ಲಿ ಅವಕಾಶವಿದ್ದುದರಿಂದ ವಿಶ್ವಸಂಸ್ಥೆ ಸಹಕಾರ ನಿರಾಕರಿಸಿತು. ನೇಪಾಳದ ಸರ್ವೋಚ್ಚ ನ್ಯಾಯಾಲಯವೂ ಆ ಅಂಶಗಳನ್ನು ತಳ್ಳಿಹಾಕಿತು. ಎರಡೂ ಆಯೋಗಗಳಿಗೆ 60 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಕಾನೂನು ತಿದ್ದುಪಡಿಯಾಗಲು 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. 2025ರಲ್ಲಿ ನಡೆದ ಆಯೋಗಗಳ ಹೊಸ ನೇಮಕಾತಿಗೂ ಸಂತ್ರಸ್ತರ ಸಂಘಟನೆಗಳಿಂದ ವಿರೋಧ ಬಂತು. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಪಟ್ಟಿಯಲ್ಲಿ ಕಣ್ಮರೆಯಾದವರ ಸಂಖ್ಯೆ 1,300ಕ್ಕೂ ಹೆಚ್ಚು.

ವಿಳಂಬಕ್ಕೆ ಕಾರಣ ಸ್ಪಷ್ಟ. ದೌರ್ಜನ್ಯದ ಆರೋಪ ಸೇನೆಯ ಮೇಲೂ ಇದೆ, ಮಾವೋವಾದಿಗಳ ಮೇಲೂ ಇದೆ. ಯುದ್ಧಕಾಲದಲ್ಲಿ ಎದುರಾಳಿಗಳಾಗಿದ್ದವರು ಬಳಿಕ ಅಧಿಕಾರದಲ್ಲಿ ಪಾಲುದಾರರಾದರು. ಹಳೆಯ ಕಡತ ತೆರೆಯುವುದು ಇಬ್ಬರಿಗೂ ಬೇಡವಾಯಿತು.

ನೇಪಾಳದ ಪಾಠವಿಷ್ಟೆ. ಎರಡೂ ಕಡೆಯವರಿಗೆ ಬೇಕೆನಿಸಿದಲ್ಲಿ ನೂರೆಂಬತ್ತಾರು ನಿರಾಯುಧ ವೀಕ್ಷಕರು ಎರಡು ಸೇನೆಗಳ ನಡುವೆ ನಂಬಿಕೆ ಹುಟ್ಟಿಸಬಲ್ಲರು. ಇಬ್ಬರಿಗೂ ಬೇಡವಾದಲ್ಲಿ ವಿಶ್ವಸಂಸ್ಥೆಯ ವರದಿಗಳೂ ಕಪಾಟು ಸೇರುತ್ತವೆ. ನಾಯಕರ ನಡುವಿನ ರಾಜಿಗೆ ನೆರವಾದ ಜಗತ್ತು, ಮಗನ ಫೋಟೊ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ತಾಯಂದಿರಿಗೆ ಅಷ್ಟೇ ನೆರವಾಗಲಿಲ್ಲ. ಅವರಿಗೆ ಉತ್ತರ ದೊರೆಯುವವರೆಗೆ ನೇಪಾಳದ ಶಾಂತಿ ಒಪ್ಪಂದ ಪೂರ್ಣವಾಗಿ ಜಾರಿಯಾಯಿತೆಂದು ಹೇಳಲಾಗದು.