ಕಸದ ರಾಶಿಯೂ ಬಾವಿಯ ನೀರೂ

ಮನೆಯ ಕಸ ಊರಾಚೆಗೆ ಸಾಗಿತೆಂದರೆ ಗೃಹಸ್ಥರ ಚಿಂತೆ ನೀಗಿತು. ಆದರೆ ಕಸದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೊಳೆಯುವ ರಾಶಿಯ ಮೇಲೆ ಬಿದ್ದ ಮಳೆನೀರು ಲವಣ, ಅಮೋನಿಯ, ಲೋಹಾಂಶಗಳನ್ನು ಕರಗಿಸಿಕೊಂಡು ಕಪ್ಪು ಬಸಿನೀರಾಗಿ ಭೂಮಿಗಿಳಿಯುತ್ತದೆ. ಅದು ಕುಡಿಯುವ ನೀರಿನ ಬಾವಿಯನ್ನು ಮುಟ್ಟೀತೇ? ಮುಟ್ಟುವುದಾದರೆ ಎಂದು? ಇದನ್ನು ಮುಂಚಿತವಾಗಿ ಅಂದಾಜು ಮಾಡಲು ವಿಜ್ಞಾನಿಗಳು ಎರಡು ಸಾಧನಗಳನ್ನು ಬಳಸುತ್ತಾರೆ: ಒಂದು ಲೆಕ್ಕ, ಇನ್ನೊಂದು ಅಳತೆ.

ಲೆಕ್ಕವು ಮಳೆಯಿಂದ ಆರಂಭವಾಗುತ್ತದೆ. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಬಿಸಿಲ ನಾಡೆಂದು ನಿಶ್ಚಿಂತರಾಗಿರುವಂತಿಲ್ಲ. ಅದರಲ್ಲಿ ಹತ್ತನೆಯ ಒಂದು ಪಾಲು ರಾಶಿಯನ್ನು ಹಾದು ಇಳಿದರೂ ಎಕರೆಗೆ ಸುಮಾರು 2.4 ಲಕ್ಷ ಲೀಟರ್ ಬಸಿನೀರಾಯಿತು! ಅದು ಮಣ್ಣಿನಲ್ಲಿ ಹರಿಯುವ ಪರಿಯನ್ನು 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಪ್ರಕಟಿಸಿದ ಸೂತ್ರದಿಂದ ಎಣಿಸುತ್ತಾರೆ. ಇಂತಹ ಎಣಿಕೆಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಿದರೆ ಆ ನೆಲದ ಗಣಿತರೂಪವಾದ ಮಾದರಿ ಸಿದ್ಧವಾಗುತ್ತದೆ.

ಆದರೆ ಒಂದೇ ಮಾದರಿ ಎಲ್ಲ ಊರಿಗೂ ಸಲ್ಲದು. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ನೀರಾವರಿಯ ಎರೆನೆಲದಲ್ಲಿ ಅಂತರ್ಜಲ ಮೇಲೇರಿ ಬಸಿನೀರಿಗೆ ದಾರಿ ಕಿರಿದಾಗುತ್ತದೆ. ಲಿಂಗಸುಗೂರಿನ ಕಡೆ ಗಟ್ಟಿ ಬಂಡೆ. ಅಲ್ಲಿ ನೀರು ಬಿರುಕುಗಳನ್ನು ಹಿಡಿದು ಓಡುವುದರಿಂದ ಮಣ್ಣಿಗೊಪ್ಪುವ ಸೂತ್ರ ತಪ್ಪೀತು. ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯ ಮಗ್ಗುಲಲ್ಲಿಯೇ ಹಳ್ಳವಿದೆ. ಜಡಿಮಳೆಯಲ್ಲಿ ಕೊಳೆ ಭೂಮಿಗಿಳಿಯುವ ಮುನ್ನವೇ ಹಳ್ಳಕ್ಕೆ ಹರಿದೀತು.

ಆದುದರಿಂದಲೇ ಅಳತೆ ಬೇಕು. ರಾಶಿಯ ಮೇಲ್ಗಡೆಯೂ ಕೆಳಗಡೆಯೂ ಪರೀಕ್ಷಾ ಬಾವಿಗಳನ್ನು ಕೊರೆದು, ಋತುಋತುವಿಗೂ ನೀರನ್ನು ಪರೀಕ್ಷಿಸುತ್ತಾರೆ. ಕ್ಲೋರೈಡನ್ನು ಮಣ್ಣು ಹಿಡಿದಿಡಲಾರದು. ಬಸಿನೀರಿನ ಆಗಮನವನ್ನು ಮೊದಲು ಸಾರುವ ದೂತ ಅದೇ. ಅಳತೆಯು ಲೆಕ್ಕವನ್ನು ಸುಳ್ಳಾಗಿಸಿದರೆ ತಿದ್ದಬೇಕಾದುದು ಲೆಕ್ಕವನ್ನೇ. ದೆಹಲಿಯ ಐ.ಐ.ಟಿ. ಸಂಶೋಧಕರು 18 ಅಂಶಗಳನ್ನು ತೂಗಿ ಬಸಿನೀರಿನ ಕೇಡನ್ನು ಒಂದೇ ಅಂಕದಲ್ಲಿ ಹೇಳುವ ಸೂಚ್ಯಂಕವನ್ನೂ ರಚಿಸಿದ್ದಾರೆ.

ಬೆಂಗಳೂರಿನ ಬಳಿಯ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುವುದು 2012ರಲ್ಲಿ ನಿಂತಿತು. ರಾಶಿಯ ಬಸಿನೀರು ಮಾತ್ರ ನಿಲ್ಲಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಆ ನೀರನ್ನು ಪರೀಕ್ಷಿಸಿದುದು ಕಸ ಬಿದ್ದ ಮೇಲೆ. 2016ರ ಕೇಂದ್ರ ನಿಯಮಗಳು ಹೊಸ ಕಸದ ತಾಣಗಳ ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣನ್ನೂ, ಅಂತರ್ಜಲಕ್ಕೂ ತಳಕ್ಕೂ ನಡುವೆ ಕನಿಷ್ಠ 2 ಮೀಟರ್ ಅಂತರವನ್ನೂ ವಿಧಿಸಿದ್ದವು.

ಬೆಳೆಯುತ್ತಿರುವ ಈ ಮೂರು ಪಟ್ಟಣಗಳಿಗೆ ಪಾಠ ಸ್ಪಷ್ಟ: ಜಾಗವನ್ನು ಆರಿಸುವ ಮುನ್ನ ಲೆಕ್ಕ, ಆರಿಸಿದ ಮೇಲೆ ಬಿಡದೆ ಅಳತೆ. ಅಡಿಗೆಮನೆಯ ಹಸಿ ಕಸ, ಹಳೆಯ ಬ್ಯಾಟರಿಗಳನ್ನು ಬೇರೆಯಿಡುವ ಗೃಹಿಣಿಯೂ ಬಾವಿಯನ್ನು ಕಾಯುವವಳೇ. ಒಮ್ಮೆ ಕೆಟ್ಟ ಅಂತರ್ಜಲವನ್ನು ತೊಳೆಯುವುದು ಬಹು ಕಷ್ಟ.