ಹೊನಗೊನ್ನೆಯ ಡೂಪ್ಲಿಕೇಟ್

ಹೊನಗೊನ್ನೆ ಸೊಪ್ಪು ನಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ಕಣ್ಣಿಗೆ ಒಳ್ಳೇದು ಅಂತ ಅಜ್ಜಿಯರು ಪಲ್ಯ, ಸಾರು ಮಾಡಿ ಬಲವಂತವಾಗಿ ತಿನ್ನಿಸಿರ್ತಾರೆ. ಗದ್ದೆ ಬದು, ಕೆರೆ ಅಂಚು, ಎಲ್ಲಿ ತೇವ ಇದೆಯೋ ಅಲ್ಲಿ ತಾನಾಗೇ ಬೆಳೆಯುವ ಗಿಡ ಅದು. ಆದ್ರೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಂಥ ಕಡೆ ಹೆಚ್ಚುಕಮ್ಮಿ ಹಾಗೇ ಕಾಣುವ ಇನ್ನೊಂದು ಗಿಡ ಹಬ್ಬಿದೆ. ಹೆಸರು ಅಲಿಗೇಟರ್ ವೀಡ್, ಮೂಲ ದಕ್ಷಿಣ ಅಮೆರಿಕ.

ಎರಡೂ ಆಲ್ಟರ್ನಾಂಥೆರಾ ಅನ್ನೋ ಒಂದೇ ಕುಲದವು, ಅಂದ್ರೆ ಕಸಿನ್ಸ್. ಎರಡರಲ್ಲೂ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ಎರಡರ ಹೂವೂ ಬಿಳಿ. ಹಾಗಾದ್ರೆ ನಾವು ಗುರುತಿಸೋದು ಹೇಗೆ? ಹೊನಗೊನ್ನೆಯ ಪುಟ್ಟ ಹೂಗೊಂಚಲು ಎಲೆ ಮತ್ತು ಕಾಂಡದ ಸಂದಿಯಲ್ಲೇ ಅಂಟಿಕೊಂಡಿರುತ್ತೆ. ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ಸೆಸಿಲಿಸ್' ಅಂದ್ರೇನೇ ತೊಟ್ಟಿಲ್ಲದ್ದು. ಅಲಿಗೇಟರ್ ವೀಡ್‌ನ ಹೂವು ಉದ್ದ ತೊಟ್ಟಿನ ತುದಿಯಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ಉಂಡೆ. ಬಲಿತ ಕಾಂಡ ಮುರಿದರೆ ಒಳಗೆ ಪೈಪ್ ಥರ ಟೊಳ್ಳು, ಅದಕ್ಕೇ ನೀರಿನ ಮೇಲೆ ಚಾಪೆ ಹಾಸಿದಂತೆ ತೇಲುತ್ತೆ. ತೊಂದರೆ ಏನಂದ್ರೆ, ಸೊಪ್ಪು ಕೊಯ್ಯೋದು ಎಳೆಯದಾಗಿರುವಾಗ. ಹೂವಿಲ್ಲದ ಕಟ್ಟು ನೋಡಿ ಹೇಳೋದು ನಿಜಕ್ಕೂ ಕಷ್ಟ.

ಈ ಗೊಂದಲ ನಮ್ಮೂರಿನದು ಮಾತ್ರ ಅಲ್ಲ. ಶ್ರೀಲಂಕಾದವರೂ ಹೊನಗೊನ್ನೆ ತಿಂತಾರೆ, ಅವರ ಬಾಯಲ್ಲಿ ಅದು ಮುಕುಣುವೆನ್ನ. 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಶ್ರೀಲಂಕಾ ಕುಟುಂಬಗಳು ಹಿತ್ತಿಲಲ್ಲಿ ಮುಕುಣುವೆನ್ನ ಅಂತ ಬೆಳೆಸ್ತಿದ್ದದ್ದು ಅಲಿಗೇಟರ್ ವೀಡ್ ಅಂತ ಪತ್ತೆಯಾಯ್ತು. ವಿಕ್ಟೋರಿಯಾ ರಾಜ್ಯದ ಅಧಿಕಾರಿಗಳು ಅದನ್ನು ಬರೀ ಕಿತ್ತುಹಾಕಿ ಹೋಗಲಿಲ್ಲ. ಅದೇ ಕುಲದ ಅಲ್ಲಿನ ಸ್ಥಳೀಯ ಗಿಡವನ್ನು ಬದಲಿಗೆ ಕೊಟ್ಟರು. ಊಟದ ವಿಷಯದಲ್ಲಿ ಜನರನ್ನ ಒಪ್ಪಿಸೋಕೆ ಇದಕ್ಕಿಂತ ಒಳ್ಳೆ ದಾರಿ ನಮಗಂತೂ ತೋಚಲ್ಲ.

ಸರಿ, ತಪ್ಪಿ ತಿಂದರೆ ಏನಾಗುತ್ತೆ? ಭಯ ಇರೋದು ಗಿಡಕ್ಕಿಂತ ಅದು ಕುಡಿಯುವ ನೀರಿನದು. ಕೊಳಚೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಅಲಿಗೇಟರ್ ವೀಡ್ ಹೀರಿಕೊಳ್ಳುತ್ತೆ. ಹಾಗಂತ ಅಂಥ ಕೆರೆಯ ಅಸಲಿ ಹೊನಗೊನ್ನೆ ಸೇಫ್ ಅಂತೇನೂ ಅಲ್ಲ. ಸೊಪ್ಪು ಕೊಳ್ಳುವಾಗ ಯಾವ ಗಿಡ ಅನ್ನೋದರ ಜೊತೆಗೆ ಯಾವ ನೀರಿನದು ಅಂತಲೂ ಕೇಳಬೇಕು.

ಕೆರೆಗೆ ಆಗುವ ಹಾನಿ ಬೇರೆ. ಚಾಪೆ ದಟ್ಟವಾದಷ್ಟೂ ಕೆಳಗಿನ ನೀರಿಗೆ ಬೆಳಕು, ಆಮ್ಲಜನಕ ಎರಡೂ ಕಮ್ಮಿ. ತವರಿನಿಂದ ಹೊರಗೆ ಈ ಗಿಡ ಬೀಜದಿಂದ ಹರಡೋದು ತೀರಾ ಅಪರೂಪ, ಒಂದು ಗೆಣ್ಣಿರುವ ತುಂಡೇ ಸಾಕು. ಜೆಸಿಬಿ ಹಾಕಿ ಕೆರೆ ಕ್ಲೀನ್ ಮಾಡುವಾಗ ಉದುರಿದ ಚೂರುಗಳೆಲ್ಲ ಮತ್ತೆ ಬೇರು ಬಿಡ್ತವೆ. ಅಡುಗೆಮನೆಯಲ್ಲಿ ಎಲೆ ಬಿಡಿಸಿಕೊಂಡು ಮೋರಿಗೆ ಎಸೆದ ದಂಟೂ ಅಷ್ಟೇ.