ತಂಡದ ಪಟ್ಟಿಯಲ್ಲಿ ಮಗುವಿನ ಹೆಸರಿಲ್ಲದಾಗ

ಶಾಲಾ ಕ್ರೀಡಾಕೂಟಗಳ ದಿನಗಳು ಬಂತೆಂದರೆ ನನ್ನ ಚಿಕಿತ್ಸಾಲಯಕ್ಕೆ ಒಂದು ಬಗೆಯ ಹೊಟ್ಟೆನೋವು ಬರುತ್ತದೆ. ಹನ್ನೆರಡು, ಹದಿಮೂರು ವರ್ಷದ ಹುಡುಗರು. ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ನೋವು, ಹತ್ತು ಗಂಟೆಯಾದರೆ ಮಾಯ. ಪರೀಕ್ಷಿಸಿದರೆ ಹೊಟ್ಟೆ ಮೃದುವಾಗಿರುತ್ತದೆ, ಜ್ವರವಿಲ್ಲ, ನಾಡಿ ಸರಿಯಿದೆ. ಸ್ವಲ್ಪ ಹೊತ್ತು ಮಾತಾಡಿಸಿದರೆ ವಿಷಯ ಹೊರಬೀಳುತ್ತದೆ: ಕಬಡ್ಡಿ ತಂಡದ ಪಟ್ಟಿ ಬಂದಿದೆ, ಇವನ ಹೆಸರಿಲ್ಲ. ಅಥವಾ ಹೆಸರಿದೆ, ಆದರೆ ಮೂರು ಪಂದ್ಯಗಳಲ್ಲೂ ಹೊರಗೆ ಕೂತು ಗೆಳೆಯರ ಚಪ್ಪಲಿ, ನೀರಿನ ಬಾಟಲಿ ಕಾದಿದ್ದಾನೆ.

ಜೊತೆಗೆ ಬಂದ ತಂದೆ ಕೇಳುವುದು ಬೇರೆಯೇ. “ಡಾಕ್ಟರ್ ಸಾಬ್, ಇವನಿಗೆ ಶಕ್ತಿ ಬರುವ ಮಾಜೂನ್ ಏನಾದರೂ ಕೊಡಿ. ಸ್ವಲ್ಪ ಎತ್ತರವೂ ಆಗಬೇಕು.” ಮಗನ ಎದುರಿಗೇ ಹೀಗೆ ಹೇಳುತ್ತಾರೆ. ಪಿ.ಟಿ. ಮಾಸ್ಟರ್ ಹೇಳದೆ ಬಿಟ್ಟ ಮಾತನ್ನು ಮನೆಯವರೇ ಹೇಳಿದಂತಾಯಿತು: ನಿನ್ನ ದೇಹದಲ್ಲಿ ಏನೋ ಕೊರತೆಯಿದೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯ ಎನ್ನುತ್ತೇವೆ. ಗಾಳಿ, ಆಹಾರ, ನಿದ್ರೆಗಳ ಸಾಲಿನಲ್ಲೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಗೂ ಒಂದು ಸ್ಥಾನವಿದೆ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಭಾವನೆಗಳು ರೂಹನ್ನು, ಅಂದರೆ ಜೀವಶಕ್ತಿಯನ್ನು, ಯಾವ ಕಡೆಗೆ ಚಲಿಸುವಂತೆ ಮಾಡುತ್ತವೆ ಎಂದು ವಿವರಿಸಿದ್ದಾರೆ. ಕೋಪದಲ್ಲಿ ಅದು ಥಟ್ಟನೆ ಹೊರಕ್ಕೆ ಬರುತ್ತದೆ, ದುಃಖದಲ್ಲಿ ನಿಧಾನವಾಗಿ ಒಳಕ್ಕೆ ಸರಿಯುತ್ತದೆ. ನಾಚಿಕೆ, ಅವಮಾನಗಳಲ್ಲಿ ಮೊದಲು ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಮರಳುತ್ತದೆ, ಅದಕ್ಕೇ ಮುಖ ಕೆಂಪಾಗುತ್ತದೆ. ಇಂದಿನ ಶರೀರಶಾಸ್ತ್ರದ ಭಾಷೆ ಬೇರೆ. ಆದರೆ ದುಃಖವೂ ಅವಮಾನವೂ ಒಂದೇ ಅಲ್ಲ ಎಂಬ ಆ ಗಮನ ನನಗೆ ದಿನವೂ ಉಪಯೋಗಕ್ಕೆ ಬರುತ್ತದೆ. ತಂಡದಿಂದ ಹೊರಗುಳಿದ ಮಗುವಿಗೆ ಆಡಲು ಸಿಗಲಿಲ್ಲವೆಂಬ ದುಃಖ ಸ್ವಲ್ಪ. ಎಲ್ಲರೂ ನೋಡಿದರು ಎಂಬ ಅವಮಾನವೇ ಹೆಚ್ಚು. ನಾವು ದುಃಖಕ್ಕೆ ಮದ್ದು ಹುಡುಕುತ್ತಾ ಅವಮಾನವನ್ನು ದೊಡ್ಡದು ಮಾಡುತ್ತೇವೆ.

ಅಮೆರಿಕದ ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಇಬ್ಬರು ಅಪರಿಚಿತರು ಎಸೆದಾಡುತ್ತಿದ್ದ ತಟ್ಟೆ ಅವರ ಬಳಿಗೆ ಬಂತು. ಅವರು ಅದನ್ನು ಎಸೆದುಕೊಟ್ಟರು, ಆ ಇಬ್ಬರು ಸ್ವಲ್ಪ ಹೊತ್ತು ಇವರನ್ನೂ ಆಟಕ್ಕೆ ಸೇರಿಸಿಕೊಂಡು, ಆಮೇಲೆ ಇವರ ಕಡೆ ಎಸೆಯುವುದನ್ನೇ ನಿಲ್ಲಿಸಿದರು. ಅಷ್ಟಕ್ಕೇ ತಮಗೆ ಎಷ್ಟು ನೋವಾಯಿತೆಂದು ಅವರಿಗೇ ಆಶ್ಚರ್ಯ. ಅದರಿಂದಲೇ ಅವರು ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಒಂದು ಪ್ರಯೋಗವನ್ನು ರೂಪಿಸಿದರು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು (ವಿಲಿಯಮ್ಸ್ ಕೂಡ ಅವರಲ್ಲೊಬ್ಬರು) ಅದೇ ಆಟ ಆಡಿಸುತ್ತಾ ಮೆದುಳಿನ ಸ್ಕ್ಯಾನ್ ಮಾಡಿದಾಗ, ದೇಹದ ನೋವಿನ ಸಂಕಟದಲ್ಲಿ ಪಾಲುಗೊಳ್ಳುವ ಭಾಗವೊಂದು ಆಟದಿಂದ ಹೊರಗುಳಿದವರಲ್ಲೂ ಚುರುಕಾದದ್ದು ಕಂಡುಬಂತು. ಅವರೆಲ್ಲ ಬೆಳೆದ ಜನ, ಆಟವೋ ಪರದೆಯ ಮೇಲಿನದು. ಹೀಗಿರುವಾಗ ಹದಿಮೂರರ ಹುಡುಗನಿಗೆ “ಇಷ್ಟಕ್ಕೆಲ್ಲ ಯಾರಾದರೂ ಅಳುತ್ತಾರಾ?” ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಆ ಸಂಜೆ ಮಾಡಬೇಕಾದ್ದು ಬಹಳ ಕಡಿಮೆ. “ಬೇಜಾರಾಗಿದೆ ಅಲ್ವಾ ಬೇಟಾ?” ಎಂದು ಒಂದು ಮಾತು, ಆಮೇಲೆ ಸುಮ್ಮನೆ ಹತ್ತಿರ ಕೂರುವುದು. ಅವನಿಗೆ ಇಷ್ಟವಾದ ಬಿಸಿ ಊಟ. ಹಸಿವಿಲ್ಲವೆಂದರೆ ಒತ್ತಾಯ ಬೇಡ, ರಾತ್ರಿ ಒಂದು ಲೋಟ ಹಾಲು, ಎರಡು ಖರ್ಜೂರ ಸಾಕು. ಬೇಗ ಮಲಗಲಿ, ಮೊಬೈಲ್ ನಿಮ್ಮ ಬಳಿ ಇರಲಿ. ಆಡಿದವರ ಫೋಟೋಗಳು ರಾತ್ರಿ ಹತ್ತರ ನಂತರವೇ ವಾಟ್ಸ್ಆ್ಯಪ್‌ನಲ್ಲಿ ಬರತೊಡಗುತ್ತವೆ. ಮುಖ್ಯವಾಗಿ, ಈ ವಿಷಯ ಮನೆಯ ಬಾಗಿಲು ದಾಟಬಾರದು. ನಾನಿಗೆ ಫೋನ್, ಖಾಲಾನ ಮುಂದೆ ಚರ್ಚೆ, “ಇವನನ್ನ ತಗೊಳ್ಳಲೇ ಇಲ್ಲವಂತೆ” ಎಂಬ ಕನಿಕರ, ಇವೆಲ್ಲ ನೋಡುವ ಕಣ್ಣುಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ, ಅಷ್ಟೇ. ಆಯ್ಕೆಯಾದ ಚಾಚಾನ ಮಗನ ಜೊತೆಗಿನ ಹೋಲಿಕೆಯಂತೂ ಬೇಡವೇ ಬೇಡ.

ದೊಡ್ಡವರ ಯಶಸ್ಸಿನ ಕಥೆಗಳನ್ನೂ ಅಂದು ಹೇಳಬೇಡಿ. ಬಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್‌ನನ್ನು ಶಾಲಾ ತಂಡದಿಂದ ಕೈಬಿಟ್ಟಿದ್ದರೆಂಬ ಕಥೆ ಪ್ರಸಿದ್ಧ. ನಿಜದಲ್ಲಿ 1978ರಲ್ಲಿ ಅವನಿಗಿಂತ ಎತ್ತರದ ಗೆಳೆಯನನ್ನು ಹಿರಿಯರ ತಂಡಕ್ಕೆ ತೆಗೆದುಕೊಂಡು, ಅವನನ್ನು ಕಿರಿಯರ ತಂಡದಲ್ಲಿ ಆಡಿಸಿದರು. ಆ ವರ್ಷವೂ ಅವನಿಗೆ ಆಟ ಸಿಕ್ಕಿತ್ತು ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ನನಗೆ ಇಷ್ಟವಾಗುವುದು ರೋಹಿತ್ ಶರ್ಮಾ. 2011ರ ವಿಶ್ವಕಪ್ ತಂಡದಲ್ಲಿ ಹೆಸರಿಲ್ಲದಾಗ ತನಗೆ ಬಹಳ ನಿರಾಸೆಯಾಗಿದೆ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದರು. 2019ರ ವಿಶ್ವಕಪ್‌ನಲ್ಲಿ ಅವರು ಹೊಡೆದ ಐದು ಶತಕಗಳ ಮಾತು ಒಂದು ವಾರ ಬಿಟ್ಟು ಬಂದರೂ ಆದೀತು.

ಇನ್ನು ಮಾಸ್ಟರ್ ಜೊತೆ ಮಾತು. ಶಾಲೆಯ ಗೇಟಿನಲ್ಲಿ ಜಗಳಕ್ಕೆ ನಿಲ್ಲುವ ಅಬ್ಬಾ ಮಗನಿಗೆ ಇನ್ನೊಂದು ಅವಮಾನವನ್ನೇ ತಂದುಕೊಡುತ್ತಾರೆ. ಎರಡು ಮೂರು ದಿನ ಬಿಟ್ಟು ಮಗನೇ ಹೋಗಿ ಕೇಳಲಿ: “ಸರ್, ಮುಂದಿನ ಸಲ ತಂಡಕ್ಕೆ ಬರಬೇಕಾದರೆ ನಾನು ಏನು ಕಲಿಯಬೇಕು?” ಮನೆಯಲ್ಲಿ ಒಮ್ಮೆ ಹೇಳಿಸಿ ಅಭ್ಯಾಸ ಮಾಡಿಸಿ. ‘ಯಾಕೆ ತಗೊಳ್ಳಲಿಲ್ಲ’ ಎಂಬ ಪ್ರಶ್ನೆಗೆ ಸಿಗುವುದು ಸಮಜಾಯಿಷಿ. ‘ಏನು ಕಲಿಯಬೇಕು’ ಎಂದರೆ ಕೆಲಸ ಸಿಗುತ್ತದೆ: ದಮ್ಮು ಸಾಲದು, ಎಡಗಾಲು ನಿಧಾನ, ಅಭ್ಯಾಸಕ್ಕೆ ತಡವಾಗಿ ಬರುತ್ತೀಯ. ಜಾತಿ, ಧರ್ಮ, ಶಿಫಾರಸಿನಿಂದ ಅನ್ಯಾಯವಾಗಿದೆ ಎಂಬುದಕ್ಕೆ ನಿಜವಾದ ಕಾರಣವಿದ್ದರೆ ಮಾತ್ರ ಪೋಷಕರು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಅದೂ ಮಗು ಎದುರಿಗಿಲ್ಲದಾಗ.

ಲೆಕ್ಕವನ್ನೂ ಮಗುವಿಗೆ ತೋರಿಸಿ. ಕಬಡ್ಡಿಯಲ್ಲಿ ಒಮ್ಮೆಗೆ ಅಂಕಣದಲ್ಲಿರುವವರು 7, ವಾಲಿಬಾಲ್‌ನಲ್ಲಿ 6. ನಲವತ್ತು ಮಕ್ಕಳ ತರಗತಿಯಲ್ಲಿ ಹೊರಗಿರುವವರೇ ಬಹುಮಂದಿ. ಜೊತೆಗೆ, ಹದಿಮೂರು ವರ್ಷದವರೆಲ್ಲ ಒಂದೇ ವಯಸ್ಸಿನವರಲ್ಲ! ಮೂಳೆಗಳ ಬೆಳವಣಿಗೆಯಿಂದ ಅಳೆದರೆ ಒಂದೇ ತರಗತಿಯ ಹುಡುಗರ ನಡುವೆ ಮೂರು ನಾಲ್ಕು ವರ್ಷಗಳ ಅಂತರ ಕಾಣಬಹುದು. ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಹದಿನೈದಕ್ಕೆ ಒಮ್ಮೆಲೇ ಎತ್ತರವಾಗುತ್ತಾನೆ. ಹುಟ್ಟಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ರೋಜರ್ ಬಾರ್ನ್ಸ್‌ಲಿ 1985ರಲ್ಲಿ ತೋರಿಸಿದರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿಯಿಂದ. ಜನವರಿಯ ಹುಡುಗ ಡಿಸೆಂಬರಿನವನಿಗಿಂತ ಹನ್ನೊಂದು ತಿಂಗಳು ದೊಡ್ಡವನು, ಆಯ್ಕೆ ಮಾಡುವವರಿಗೆ ಅದು ಪ್ರತಿಭೆಯಂತೆ ಕಾಣುತ್ತದೆ.

ಹಾಗಾದರೆ ಮಾಜೂನ್? ಎತ್ತರ ಬೆಳೆಸುವ ಮಾಜೂನ್ ನನ್ನ ಬಳಿ ಇಲ್ಲ. ಹಾಗೆಂದು ಮಾರುವವರ ಮಾತು ನಂಬಬೇಡಿ. ಕುಶ್ತಾ, ಅಂದರೆ ಲೋಹ ಭಸ್ಮ ಸೇರಿದ ಔಷಧವನ್ನು ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಕೊಡುವುದು ಅಪಾಯ. ಡಬ್ಬಿಯ ಪ್ರೋಟೀನ್ ಪುಡಿಯ ದುಡ್ಡಿಗೆ ಮೊಟ್ಟೆ, ಮೀನು, ಬೇಳೆ, ಕಡಲೆಕಾಯಿ, ರಾಗಿ ತಿಂಗಳಿಡೀ ಬರುತ್ತದೆ. ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು. ಆದರೆ ಮಾಸ್ಟರ್ “ಬೇಗ ಸುಸ್ತಾಗುತ್ತಾನೆ” ಎಂದರೆ ಅದನ್ನು ನೆಪವೆಂದುಕೊಳ್ಳದೆ ಪರೀಕ್ಷೆ ಮಾಡಿಸಿ. 12ರಿಂದ 14 ವರ್ಷದವರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಓಡಿದ ಮೇಲೆ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ಆಸ್ತಮಾ ಇರಬಹುದು. ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಮತ್ತೆ ಹಲವು ಸಲ ಹುಡುಗಿಯನ್ನು ಹೊರಗಿಡುವುದು ತಂಡವಲ್ಲ, ನಾವು. ಏಳನೇ ತರಗತಿವರೆಗೆ ಥ್ರೋಬಾಲ್ ಆಡಿದವಳಿಗೆ ಎಂಟಕ್ಕೆ “ಇನ್ನು ಸಾಕು” ಎನ್ನುತ್ತೇವೆ. ಉಡುಪಿನ ಚಿಂತೆಯಾದರೆ, ಫುಟ್‌ಬಾಲ್‌ನಲ್ಲಿ 2014ರಿಂದ, ಬಾಸ್ಕೆಟ್‌ಬಾಲ್‌ನಲ್ಲಿ 2017ರಿಂದ ಅಂತಾರಾಷ್ಟ್ರೀಯ ನಿಯಮಗಳೇ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿವೆ. ಅವಳ ಅವಮಾನಕ್ಕೆ ಕೆಂಪಾದ ಮುಖವೂ ಇರುವುದಿಲ್ಲ, ಸುಮ್ಮನಾಗಿಬಿಡುತ್ತಾಳೆ. ಅದನ್ನು ನಾವು ಒಳ್ಳೆಯ ನಡತೆ ಎನ್ನುತ್ತೇವೆ.

ಪಂದ್ಯದ ದಿನ ಮೈದಾನಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಮಗುವಿಗೇ ಬಿಡಿ. ಹೋಗದಿದ್ದರೆ ಅದು ಹೊಟ್ಟೆಕಿಚ್ಚಲ್ಲ. ಆದರೆ ದೇಹದ ಚಲನೆ ನಿಲ್ಲಬಾರದು. ಸಂಜೆ ಬೀದಿಯಲ್ಲಿ ಚೆಂಡಾಟವೋ, ಅಬ್ಬಾನ ಜೊತೆ ಅರ್ಧ ಗಂಟೆ ಸೈಕಲ್ಲೋ, ಪಟ್ಟಿ ಇಲ್ಲದ ಯಾವುದಾದರೂ ಆಟ ಇರಲಿ. ಬೇಸರ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಊಟ, ನಿದ್ರೆ ಸರಿಹೋಗದಿದ್ದರೆ, ಶಾಲೆಯೇ ಬೇಡವೆಂದರೆ, ಗೆಳೆಯರನ್ನು ದೂರ ಮಾಡಿದರೆ ವೈದ್ಯರಿಗೆ ತೋರಿಸಿ. ಬದುಕಿರುವುದು ವ್ಯರ್ಥ ಎಂಬಂಥ ಮಾತು ಒಮ್ಮೆ ಬಂದರೂ ಎರಡು ವಾರ ಕಾಯುವುದು ಬೇಡ, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು.